ಬಾಲಮಂದಿರದ ಹುಡುಗನ ಏಳನೇ ಕ್ಲಾಸು

ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವನು ನಾನು. ರಿಟೈರ್ ಆದ ಮೇಲೆ ಸಂಜೆ ಹೊತ್ತು ನಮ್ಮೂರಿನ ಬಾಲಕರ ಬಾಲಮಂದಿರಕ್ಕೆ, ಅಂದರೆ ಆಸರೆ ಬೇಕಾದ ಹುಡುಗರನ್ನು ನೋಡಿಕೊಳ್ಳುವ ಮನೆಗೆ ಹೋಗಿ ಪಾಠ ಹೇಳಿಕೊಡುತ್ತೇನೆ. ಆಗಸ್ಟ್‌ನಲ್ಲಿ ಒಂದು ದಿನ ಅಲ್ಲಿನ ಸಿಬ್ಬಂದಿಯೊಬ್ಬರು ಫೋನ್ ಮಾಡಿ, "ಸರ್, ಒಬ್ಬ ಹುಡುಗನ್ನ ಶಾಲೆಗೆ ಸೇರಿಸಬೇಕು, ಜೊತೆಗೆ ಬರ್ತೀರಾ?" ಅಂದರು. ಹುಡುಗನ ಹೆಸರು ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆ ಹಾಕುವುದನ್ನು ಬಾಲನ್ಯಾಯ ಕಾಯ್ದೆ ಒಪ್ಪುವುದಿಲ್ಲ. ಒಪ್ಪಿದ್ದರೂ ನಾನು ಬರೆಯುತ್ತಿರಲಿಲ್ಲ.

ರಾಯಚೂರು ಕಡೆಯ ಹುಡುಗ, ಹನ್ನೆರಡು ವರ್ಷ. ಅಪ್ಪ ತೀರಿಕೊಂಡ ಮೇಲೆ ನೆಂಟರ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದ. ಅಲ್ಲಿ ಏಟು ತಿಂದು, ಸಿಕ್ಕಿದ ರೈಲು ಹತ್ತಿ ನಮ್ಮೂರಲ್ಲಿ ಇಳಿದಿದ್ದ. ಸ್ಟೇಷನ್ನಿನಲ್ಲಿ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಅವನನ್ನು ಬಾಲಮಂದಿರಕ್ಕೆ ಕಳಿಸಿತು.

ಶಾಲೆಯಲ್ಲಿ ಮೊದಲ ಮಾತೇ, "ಟಿ.ಸಿ. ತನ್ನಿ, ಆಮೇಲೆ ನೋಡೋಣ." ಅವನ ಟಿ.ಸಿ. ಎಲ್ಲಿಂದ ತರೋದು? ಅವನ ಹೆಸರು ಊರಿನ ಶಾಲೆಯ ನಾಲ್ಕನೇ ಕ್ಲಾಸಿನಲ್ಲೇ ನಿಂತುಹೋಗಿತ್ತು. ಸಿಬ್ಬಂದಿ ಸಮಿತಿಯ ಆದೇಶ ತೋರಿಸಿದರು. ನಾನು 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು ತೆಗೆದೆ. ಟಿ.ಸಿ. ತಡವಾಯಿತು ಅಂತ ಅಡ್ಮಿಷನ್ ನಿಲ್ಲಿಸುವ ಹಾಗಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿಲ್ಲಿಸುವ ಹಾಗಿಲ್ಲ. ಹೆಡ್‌ಮಾಸ್ಟರ್ ಒಪ್ಪಿದರು. ಆದರೆ ಅವರಿಗೆ ಇನ್ನೊಂದು ಚಿಂತೆ. "ಇವನಿಗೆ ಮೂರನೇ ಕ್ಲಾಸಿನ ಪಾಠವೂ ಸರಿಯಾಗಿ ಓದೋಕೆ ಬರಲ್ಲ. ಅಲ್ಲೇ ಕೂರಿಸಿದ್ರೆ ಒಳ್ಳೇದು ಅಲ್ವಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಹನ್ನೆರಡರ ಹುಡುಗನನ್ನು ಎಂಟು ವರ್ಷದ ಮಕ್ಕಳ ನಡುವೆ ಕೂರಿಸಿದರೆ ಅವನು ಎಷ್ಟು ದಿನ ಶಾಲೆಗೆ ಬರುತ್ತಾನೆ? ಅದಕ್ಕೇ ಕಾಯ್ದೆ ಹೇಳುವುದು, ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ, ಹಿಂದೆ ಉಳಿದದ್ದನ್ನು ವಿಶೇಷ ತರಬೇತಿ ಕೊಟ್ಟು ಕಲಿಸಿ ಅಂತ. ಕೊನೆಗೆ ಏಳನೇ ಕ್ಲಾಸಿನ ಹಾಜರಿ ಪುಸ್ತಕಕ್ಕೆ ಅವನ ಹೆಸರು ಹತ್ತಿತು.

ಫಾರಂನಲ್ಲಿ ಪೋಷಕರ ಮೊಬೈಲ್ ನಂಬರ್ ಅಂತ ಒಂದು ಕಾಲಂ. ಅಲ್ಲಿ ಬರೆದಿದ್ದು ಬಾಲಮಂದಿರದ ಆಫೀಸ್ ನಂಬರ್. ಹೋಂವರ್ಕ್, ಪೋಷಕರ ಸಭೆ, ಪರೀಕ್ಷೆಯ ಟೈಂಟೇಬಲ್, ಎಲ್ಲಾ ಮೆಸೇಜೂ ಆ ಒಂದೇ ಫೋನಿಗೆ. ಅಲ್ಲಿನ ಎಲ್ಲ ಮಕ್ಕಳದ್ದೂ ಅದೇ ಫೋನು. ಯಾವ ಹುಡುಗನಿಗೆ ಯಾವ ವಿಷಯ ಕಷ್ಟ ಅಂತ ನೆನಪಿಟ್ಟುಕೊಳ್ಳುವ ದೊಡ್ಡವರು ಯಾರು? ಸಿಬ್ಬಂದಿಗೆ ಅಡಿಗೆ, ಆಸ್ಪತ್ರೆ, ಸಮಿತಿಯ ಕಾಗದಪತ್ರ ಅಂತಲೇ ದಿನ ಮುಗಿಯುತ್ತದೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಆ ಸಂಜೆ ಅವನನ್ನು ಕೂರಿಸಿಕೊಂಡು, 18 ಇಂಟು 50 ಅಂತ ಬರೆದುಕೊಟ್ಟೆ. ಪೆನ್ಸಿಲ್ ಹಿಡಿದು ಸುಮ್ನೆ ಕೂತ. ಸೊನ್ನೆ ಎಲ್ಲಿ ಇಡಬೇಕು ಅಂತ ಗೊತ್ತಿಲ್ಲ. "ಹದಿನೆಂಟು ಮೂಟೆ ಸಿಮೆಂಟ್ ಎಷ್ಟು ಕೆ.ಜಿ.?" ಅಂತ ಕೇಳಿದೆ. ತಲೆ ಎತ್ತದೇ ಹೇಳಿದ, "ಒಂಬೈನೂರು." ಹೇಗೋ ಅಂದರೆ, "ಎರಡು ಮೂಟೆಗೆ ನೂರು, ಒಂಬತ್ತು ಜೋಡಿ." ಎಷ್ಟು ಚೆಂದದ ಲೆಕ್ಕ! ಅಲ್ಲಿಂದಲೇ ಹಿಡಿದೆವು. ಅರ್ಧ ಮೂಟೆ, ಕಾಲು ಮೂಟೆ ಅನ್ನುತ್ತಾ ಭಿನ್ನರಾಶಿಗೆ ಬಂದೆವು. ದಸರಾ ರಜೆ ಮುಗಿಯುವ ಹೊತ್ತಿಗೆ ಕಾಲಿಗೆ ಮುಕ್ಕಾಲು ಕೂಡಿಸಿ, "ಇದು ಪೂರ್ತಿ ಮೂಟೆ ಆಯ್ತು ಸರ್" ಅನ್ನುವಷ್ಟಾಗಿದ್ದ. ಓದು ನಿಧಾನವಾಗಿ ಬಂತು. ಒತ್ತಕ್ಷರ ಬಂದ ಕಡೆ ನಿಲ್ಲುತ್ತಿದ್ದ, ಆದರೂ ಪುಸ್ತಕ ಮುಚ್ಚುತ್ತಿರಲಿಲ್ಲ.

ಬಾಲಮಂದಿರದ ಮಕ್ಕಳು ದಡ್ಡರು ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅವರಲ್ಲಿ ದಡ್ಡತನ ಜಾಸ್ತಿ ಇಲ್ಲ, ತುಂಡಾದ ಶಾಲೆಗಳು ಜಾಸ್ತಿ. ಊರಿನ ಶಾಲೆ, ಆಮೇಲೆ ಶಾಲೆಯೇ ಇಲ್ಲದ ಕಾಲ, ಬಾಲಮಂದಿರದ ಹತ್ತಿರದ ಶಾಲೆ, ಮತ್ತೆ ಬೇರೆ ಜಿಲ್ಲೆ. ಮಗುವನ್ನು ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡುವಾಗ ಅದರ ಸುರಕ್ಷತೆ ನೋಡುತ್ತಾರೆ, ಮನೆಯವರನ್ನು ನೋಡುತ್ತಾರೆ. ನೋಡಲೇಬೇಕು. ಆದರೆ ಅರ್ಧಕ್ಕೆ ನಿಂತ ಪಾಠ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಬರೆಯಬೇಕು ಅಂತ ನಿಯಮವಿದೆ. ಅದರಲ್ಲಿ ಶಿಕ್ಷಣದ ಭಾಗವೂ ಇದೆ. ಅಲ್ಲಿ 'ಏಳನೇ ತರಗತಿ' ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ?

ಇನ್ನೊಂದು ವಿಷಯ. ಬಾಲನ್ಯಾಯ ಕಾಯ್ದೆ ಹದಿನೆಂಟರವರೆಗೆ ಕಾಯುತ್ತದೆ, ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕಕ್ಕೇ ಮುಗಿಯುತ್ತದೆ. ಒಂಬತ್ತನೇ ಕ್ಲಾಸಿಗೆ ತಡವಾಗಿ ಬಂದ ಹುಡುಗನಿಗೆ ನಾನು ಆ ದಿನ ತೆಗೆದ ಕಾಯ್ದೆಯ ಮಾತು ನಡೆಯುವುದಿಲ್ಲ. ಓದಿನಲ್ಲಿ ಎರಡು ವರ್ಷ ಹಿಂದೆ ಉಳಿದವನಿಗೆ ಪಿಯುಸಿ ಮುಗಿಯುವ ಮೊದಲೇ ಹದಿನೆಂಟು ತುಂಬುತ್ತದೆ. ಆಗ ಪುಸ್ತಕ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? 21 ವರ್ಷದವರೆಗೆ ಅನುಪಾಲನೆ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ನೆರವು, ಅಂತ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಆದರೆ ಅದರ ಮಾತು ಹತ್ತನೇ ಕ್ಲಾಸಿನಲ್ಲೇ ಶುರುವಾಗಬೇಕು, ಹುಟ್ಟಿದ ದಿನ ಹತ್ತಿರ ಬಂದಾಗ ಅಲ್ಲ.

ಡಿಸೆಂಬರ್‌ನಲ್ಲಿ ಅವನ ತಾಯಿ ಸಿಕ್ಕಿದರು. ಮಗನಿಗಾಗಿ ಅವರೂ ಹುಡುಕಾಡುತ್ತಿದ್ದರಂತೆ. ಮಾರ್ಚ್ ಪರೀಕ್ಷೆವರೆಗೆ ಇಲ್ಲೇ ಇರಲಿ ಅಂತ ಒಬ್ಬರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಮಗು ಅಮ್ಮನ ಹತ್ತಿರ ಹೋಗಬೇಕು, ಶಾಲೆ ಅದರ ಹಿಂದೆ ಹೋಗಬೇಕು. ಸಮಿತಿ ಆದೇಶ ಬರೆಯುವಾಗಲೇ ಟಿ.ಸಿ. ಮಾಡಿಸಿಟ್ಟೆವು. ಅದೇ ಹೆಡ್‌ಮಾಸ್ಟರ್ ಮಧ್ಯಾಹ್ನದೊಳಗೆ ಸಹಿ ಹಾಕಿ, ಅಂಕಪಟ್ಟಿಯನ್ನೂ ಜೊತೆಗಿಟ್ಟರು. ಅವನು ಮತ್ತೆ ಕೆಲಸಕ್ಕೆ ಹೋಗದಿರಲಿ ಅಂತ ಮಕ್ಕಳ ರಕ್ಷಣೆಗಿರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ, ಅಂದರೆ ಮಗುವಿನ ಖರ್ಚಿಗೆ ಕೊಡುವ ನೆರವಿಗೆ ಅರ್ಜಿ ಹೋಯಿತು, ತಿಂಗಳಿಗೆ 4,000 ರೂಪಾಯಿ. ಗಂಡನಿಲ್ಲದ ತಾಯಿಗೆ ಅದು ಸಣ್ಣ ದುಡ್ಡಲ್ಲ.

ಹುಡುಗ ಊರಿಗೆ ಹೋದ ಮೇಲೆ ಅಲ್ಲಿನ ಶಾಲೆಗೆ ಫೋನ್ ಮಾಡಿದೆ. ಗಣಿತದ ಮೇಡಂ ಸಿಕ್ಕಿದರು. ನಾನು ಹೇಳುವ ಮೊದಲೇ ಅವರೇ ಕೇಳಿದರು, "ಹುಡುಗ ಎಲ್ಲಿವರೆಗೆ ಬಂದಿದಾನೆ ಸರ್?"

"ಭಿನ್ನರಾಶಿ ಕೂಡೋದು, ಕಳೆಯೋದು ಆಗಿದೆ ಮೇಡಂ. ಗುಣಾಕಾರದಿಂದ ಶುರು ಮಾಡಿ. ಸಿಮೆಂಟ್ ಮೂಟೆ ಲೆಕ್ಕದಲ್ಲಿ ಹೇಳಿದ್ರೆ ಬೇಗ ಹಿಡೀತಾನೆ."