ಜೇಡಕ್ಕೆ ಎಂಟು ಕಾಲು

ಇವತ್ತು ಹ್ಯಾಲೋವೀನ್, ಮಕ್ಕಳು ವೇಷ ಹಾಕೋ ಹಬ್ಬ. ಮಗಳು ಜೇಡ ಆಗಿದ್ದಾಳೆ.

ಅಂಗಡಿಯ ಡ್ರೆಸ್ ಬೇಡವೇ ಬೇಡ ಅಂದಳು. ಅದರಲ್ಲಿ ಆರೇ ಕಾಲು. "ಅಮ್ಮಾ, ಆರಿದ್ರೆ ಅದು ಕೀಟ. ಜೇಡಕ್ಕೆ ಎಂಟು!" ಲೈಬ್ರರಿ ಪುಸ್ತಕ ತೆರೆದು, ಚಿತ್ರದ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿದಳು.

ಅವಳದೇ ಕೈ ಎರಡು, ಕಾಲು ಎರಡು. ಉಳಿದ ನಾಲ್ಕಕ್ಕೆ ಅಪ್ಪನ ಕಪ್ಪು ಸಾಕ್ಸು. ಒಳಗೆ ಹಳೇ ಬಟ್ಟೆ ತುಂಬಿ, ಸ್ವೆಟರಿನ ಪಕ್ಕಕ್ಕೆ ಹೊಲಿದು, ಅಲ್ಲಿಂದ ಮಣಿಕಟ್ಟಿಗೆ ದಾರ ಕಟ್ಟಿದ್ವಿ. ಕೈ ಎತ್ತಿದರೆ ಎಲ್ಲವೂ ಒಟ್ಟಿಗೆ ಏಳುತ್ತವೆ! ಆ ದಾರದ ಅಳತೆಗೇ ಬೆಳಗಿನ ಹೊತ್ತೆಲ್ಲ ಹೋಯ್ತು. ಉದ್ದ ಆದರೆ ಜೋತುಬೀಳುತ್ತೆ, ಗಿಡ್ಡ ಆದರೆ ಕೈ ಚಾಚೋಕಾಗಲ್ಲ. ಇವತ್ತಿನ ಗಣಿತ ಅದೇ.

ಮನೆಯಲ್ಲೇ ಪಾಠ ಮಾಡೋದರಲ್ಲಿ ನನಗೆ ತುಂಬ ಇಷ್ಟ ಇದು. ಓದಿದ್ದನ್ನ ತೊಟ್ಟುಕೊಂಡು ಓಡಾಡೋಕೆ ಮಕ್ಕಳಿಗೆ ಒಂದಿಡೀ ದಿನ ಕೊಡಬಹುದು.

ಅವಳ ತಮ್ಮನದು ಬೇರೆ ಪುಸ್ತಕ. ಐರ್ಲೆಂಡಿನಲ್ಲಿ ಹ್ಯಾಲೋವೀನಿಗೆ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ರು, ಅಮೆರಿಕಕ್ಕೆ ವಲಸೆ ಬಂದ ಮೇಲೆ ಕುಂಬಳಕಾಯಿ ಹಿಡಿದ್ರು ಅಂತ ಓದಿದ್ದೇ ತಡ, ನಂಗೂ ಟರ್ನಿಪ್ಪೇ ಬೇಕು ಅಂತ ಕೂತ. ಎಷ್ಟು ಗಟ್ಟಿ ಅದು! ಚಮಚವೇ ಬಾಗಿತು.

ಸಂಜೆ ಬೀದಿ ಸುತ್ತೋಕೆ ಹೊರಡ್ತೀವಿ. ನಾಳೆ ರಾಜ್ಯೋತ್ಸವ; ಜೇಡಕ್ಕೂ ಹಳದಿ-ಕೆಂಪು ಶಾಲು ಬೇಕಂತೆ, ಹುಡುಕಬೇಕು.