ಯೆಜ್ಡಿಯಲ್ಲಿ ಮಡಿಕೇರಿಗೆ ಹೊರಟಿದ್ದೀರಾ? ಮೊದಲು ಗೇರ್ ಆಯಿಲ್ ನೋಡಿ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೆ ಹಳೇ ಗಾಡಿಗೆ ಏನೂ ಕಷ್ಟವಿಲ್ಲ. ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆ ಏರು ಶುರುವಾದ ಮೇಲೆ ನಿಮ್ಮ ಕ್ಲಚ್ಚಿನ ಬಂಡವಾಳ ಬಯಲಾಗುತ್ತದೆ.

ನನ್ನದು ಯೆಜ್ಡಿ 250, ಹಳೇ ಟೂ ಸ್ಟ್ರೋಕ್ ಬೈಕು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಕ್ಲಚ್ ಜಾರುತ್ತಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಯಾಕೆ ಜಾರುತ್ತಿದೆ ಅಂತ ಕೇಳುವ ಮೆಕ್ಯಾನಿಕ್ ಸಿಗುವುದೇ ಕಷ್ಟ.

ಜುಲೈ ಶನಿವಾರ, ಮಳೆ, ಮೇಲಿಂದ ಕೆಳಗಿನವರೆಗೆ ಬೆಂಗಳೂರಿನ ಕಾರುಗಳು. ನನಗಂತೂ ಈ ಜಾತ್ರೆ ಆಗುವುದಿಲ್ಲ. ಮೇಲಕ್ಕೆ ಎಳೆಸುವುದಕ್ಕಿಂತ ಇಳಿಯುವುದೇ ವಾಸಿ ಅಂತ ಗಾಡಿ ತಿರುಗಿಸಿದೆ. ಇಲ್ಲೊಂದು ಮಾತು. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಗೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಗೇರಿನಲ್ಲೇ ಇಳಿದರೆ ಪಿಸ್ಟನ್ನಿಗೆ ಸಾಕಷ್ಟು ಆಯಿಲ್ ಸಿಗುವುದಿಲ್ಲ. ಆಗಾಗ ಸ್ವಲ್ಪ ಕೊಡುತ್ತಾ ಇಳಿಯಿರಿ. ಕ್ಲಚ್ ಜಾರುತ್ತಿರುವಾಗ ಎಂಜಿನ್ ಬ್ರೇಕನ್ನೂ, ಅಂದರೆ ಗೇರಿನಲ್ಲೇ ವೇಗ ತಗ್ಗಿಸುವುದನ್ನೂ, ಪೂರ್ತಿ ನಂಬಬೇಡಿ. ಇರುವುದು ಡ್ರಮ್ ಬ್ರೇಕು, ಅದೂ ಒದ್ದೆ.

ಕುಶಾಲನಗರದ ಒಂದು ಗ್ಯಾರೇಜಿನವನು ಗಾಡಿ ನೋಡಿದ್ದೇ "ಪ್ಲೇಟ್ ಹೋಗಿದೆ ಸರ್" ಅಂದ. ಕವರ್ ಬಿಚ್ಚುವ ಮೊದಲೇ! ಡೂಪ್ಲಿಕೇಟ್ ಕಾರ್ಕ್ ಪ್ಲೇಟುಗಳನ್ನು ಒಣಗಿದ್ದ ಹಾಗೇ ಕೂರಿಸಿದ. ಕೆಳಗೆ ಇಳಿಸಿದ್ದ ಆಯಿಲನ್ನೇ ಮತ್ತೆ ಸುರಿದ. 2,800 ರೂಪಾಯಿ. ಅವತ್ತು ರಾತ್ರಿ ಅಲ್ಲೇ ಸಿಕ್ಕಿದ ರೂಮಿಗೆ 3,200. ಹಾಸಿಗೆ ತೇವ, ಗೋಡೆಯಲ್ಲಿ ಬೂಸಲು, ಬಿಸಿನೀರು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ವೀಕೆಂಡ್ ರೇಟು ಅಂತೆ. ಅದೇ ರೂಮು ಸೋಮವಾರ ಎಷ್ಟು ಅಂತ ಕೇಳಿದೆ. ಅರ್ಧಕ್ಕಿಂತ ಕಡಿಮೆ!

ಮರುದಿನ ಸುಂಟಿಕೊಪ್ಪ ಮುಟ್ಟುವಷ್ಟರಲ್ಲಿ ಮತ್ತೆ ಅದೇ ಕಥೆ. ಕ್ಲಚ್ ತಣ್ಣಗಾಗಲಿ ಅಂತ ನಿಲ್ಲಿಸಿದ್ದು ಒಂದು ಸಣ್ಣ ಹೋಟೆಲಿನ ಮುಂದೆ. ನಾಲ್ಕು ಬೆಂಚು, ತಗಡಿನ ಮಾಡು, ಬೋರ್ಡೂ ಇಲ್ಲ. ನೂಪುಟ್ಟು (ಕೊಡಗಿನ ಅಕ್ಕಿ ಶಾವಿಗೆ), ಕೋಳಿ ಸಾರು, ಪಕ್ಕದಲ್ಲಿ ಬೈಂಬಳೆ ಪಲ್ಯ. ಬೈಂಬಳೆ ಅಂದರೆ ಕಳಲೆ, ಬಿದಿರಿನ ಎಳೆ ಮೊಳಕೆ, ಈ ಮಳೆಗಾಲದಲ್ಲೇ ತಿನ್ನಬೇಕು. ಕಳಲೆಗೆ ಒಂದು ವಾಸನೆ ಇದೆ, ಮೊದಲ ಸಲ ತಿನ್ನುವವರು ಮೂಗು ಮುರಿಯಬಹುದು, ಎರಡನೇ ತುತ್ತಿಗೆ ಸರಿಹೋಗುತ್ತದೆ. ನೂಪುಟ್ಟು ಆಗಷ್ಟೇ ಒತ್ತಿದ್ದು, ಬಿಸಿ ಆವಿ ಬರುತ್ತಿತ್ತು. ಸಾರು ಮುಗಿದ ಕೂಡಲೇ ಆ ಅಮ್ಮ ಕೇಳದೆಯೇ ಮತ್ತೆ ಬಡಿಸಿದರು. ಸಾರಿನಲ್ಲಿ ಕಾಳುಮೆಣಸಿನ ಖಾರ, ಮೆಣಸಿನಪುಡಿಯ ಕೆಂಪು ಬಣ್ಣ ಇಲ್ಲವೇ ಇಲ್ಲ. ಕೊನೆಗೆ ಬೆಲ್ಲದ ಕಾಫಿ, ಹಾಲು ಹಾಕದ್ದು. ಎಲ್ಲಾ ಸೇರಿ 130 ರೂಪಾಯಿ. ಹಿಂದಿನ ರಾತ್ರಿ ರೂಮಿನ ಕೆಳಗೆ ಅದರ ಎರಡರಷ್ಟು ಕೊಟ್ಟು ತಣ್ಣನೆ ಫ್ರೈಡ್ ರೈಸ್ ತಿಂದಿದ್ದೆ. ಪೇಟೆಯಲ್ಲಿ ಲಾರಿ ಡ್ರೈವರುಗಳು ನಿಂತಿರುವ ಕಡೆ ನೋಡಿ, ಇಂಥದ್ದು ಸಿಗುತ್ತದೆ. ಹನ್ನೊಂದರ ಮೇಲೆ ಹೋದರೆ ನೂಪುಟ್ಟು ಇರುವುದಿಲ್ಲ.

ಅಲ್ಲಿಂದ ಟೆಂಪೋ ಹಿಡಿದು ಗಾಡಿಯನ್ನು ಮೈಸೂರಿಗೆ ತಂದೆ. ಬಾಡಿಗೆ ಮಾತಾಡುವಾಗ ಹತ್ತಿಸುವ, ಇಳಿಸುವ ಕೂಲಿಯನ್ನೂ ಸೇರಿಸಿ ಮಾತಾಡಿ. ಇಲ್ಲದಿದ್ದರೆ ಇಳಿಸುವ ಹೊತ್ತಿಗೆ ಹೊಸ ಲೆಕ್ಕ ಬರುತ್ತದೆ, ನನಗೆ ಬಂದ ಹಾಗೆ.

ಜಾವಾ, ಯೆಜ್ಡಿ ರಿಪೇರಿಗೆ ಮೈಸೂರೇ ಯಾಕೆ ಅಂದರೆ, ಭಾರತದಲ್ಲಿ ಇವು ಹುಟ್ಟಿದ್ದೇ ಅಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಗಾಡಿ ಮಾಡಲು ಶುರುಮಾಡಿತು, 1996ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಕಲಿತವರ ಕೈ ಈಗಲೂ ಊರಿನಲ್ಲಿ ಉಳಿದಿದೆ. ನನಗೆ ಸಿಕ್ಕಿದ ಹಿರಿಯರು ಮೊದಲು ಕೇಳಿದ್ದೇ, "ಗೇರ್ ಬಾಕ್ಸಿಗೆ ಯಾವ ಆಯಿಲ್ ಹಾಕಿದ್ದೀರಿ?"

ಹಾಕಿದ್ದು ನಮ್ಮೂರಿನ ಗ್ಯಾರೇಜು, ಹೊರಡುವ ಮೊದಲಿನ ಸರ್ವಿಸಿನಲ್ಲಿ. ಫೋನ್ ಮಾಡಿ ಕೇಳಿದರೆ, ಕಾರಿಗೆ ಹಾಕುವ ಒಳ್ಳೇ ಆಯಿಲ್ ಅಂದರು. ಈ ಗಾಡಿಗಳಲ್ಲಿ ಕ್ಲಚ್ ಮುಳುಗಿರುವುದು ಗೇರ್ ಬಾಕ್ಸಿನ ಆಯಿಲಿನಲ್ಲೇ. ಇಂಧನ ಉಳಿಸುವ ಕಾರಿನ ಆಯಿಲಿನಲ್ಲಿ ಘರ್ಷಣೆ ಕಡಿಮೆ ಮಾಡುವ ವಸ್ತು ಸೇರಿಸಿರುತ್ತಾರೆ. ಕಾರಿಗೆ ಒಳ್ಳೆಯದು, ಅಲ್ಲಿ ಕ್ಲಚ್ ಒಣಗಿರುತ್ತದೆ. ನಮ್ಮ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಳ್ಳಲು ಘರ್ಷಣೆಯೇ ಬೇಕು, ಅಲ್ವಾ? ಡಬ್ಬದ ಮೇಲೆ 'ಜಾಸೋ ಎಂಎ' (JASO MA, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಅಂತ ಇರುವ ಬೈಕ್ ಆಯಿಲನ್ನೇ ಕೇಳಿ ತೆಗೆದುಕೊಳ್ಳಿ. ಎಂಬಿ (MB) ಅಂತಿದ್ದರೆ ಬೇಡ, ಅದರಲ್ಲಿ ಘರ್ಷಣೆ ಕಡಿಮೆ.

ಮೈಸೂರಿನ ಹಿರಿಯರು ಹೊಸ ಡೂಪ್ಲಿಕೇಟುಗಳನ್ನು ಬಿಸಾಡಿದರು. ಒಂದೆರಡರಲ್ಲಿ ಕಾರ್ಕ್ ಆಗಲೇ ಅಲ್ಲಾಡುತ್ತಿತ್ತು. ಪುಣ್ಯಕ್ಕೆ ಹಳೇ ಪ್ಲೇಟುಗಳನ್ನು ನಾನು ವಾಪಸ್ ಕೇಳಿ ಇಟ್ಟುಕೊಂಡಿದ್ದೆ. ನೀವೂ ಯಾವ ಗ್ಯಾರೇಜಿನಲ್ಲೂ ಬಿಟ್ಟು ಬರಬೇಡಿ. ಅವನ್ನು ಪೆಟ್ರೋಲಿನಲ್ಲಿ ತೊಳೆದು, ಮೇಲಿನ ಹೊಳಪು ಹೋಗುವಷ್ಟು ಉಜ್ಜಿ, ಸರಿಯಾದ ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿದರು. ಸ್ಟೀಲ್ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ಸೊಟ್ಟ ಇದೆಯಾ ನೋಡಿದರು. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಹೋಲಿಸಿದರು. ಕೂಲಿ 700, ಆಯಿಲ್ ಬೇರೆ.

ಇನ್ನೊಂದು ವಿಷಯ ಹೊಸ ಮೆಕ್ಯಾನಿಕ್‌ಗಳಿಗೆ ಗೊತ್ತಿರುವುದಿಲ್ಲ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ತಾನೇ ಬಿಡುತ್ತದೆ. ಆ ಅಡ್ಜಸ್ಟ್‌ಮೆಂಟ್ ತೀರಾ ಬಿಗಿಯಾದರೆ ಪ್ಲೇಟು ಎಷ್ಟೇ ಹೊಸದಾಗಿರಲಿ, ಜಾರುತ್ತದೆ. ಕೇಬಲ್ಲಿನಲ್ಲೂ ಸ್ವಲ್ಪ ಸಡಿಲ ಇರಲೇಬೇಕು. ಗೇರ್ ಲಿವರಿನ ಈ ವ್ಯವಸ್ಥೆಯಿಂದ ಒಂದು ಲಾಭವೂ ಉಂಟು. ದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಹೆದರಬೇಡಿ. ಲಿವರನ್ನು ಕಾಲಿನಲ್ಲಿ ಒತ್ತಿ ಹಿಡಿದು, ನಿಧಾನಕ್ಕೆ ಬಿಟ್ಟರೆ ಗಾಡಿ ಹೊರಡುತ್ತದೆ.

ಆಮೇಲೆ ಬುಧವಾರ ಬೆಳಿಗ್ಗೆ ಆರಕ್ಕೆ ಮೈಸೂರು ಬಿಟ್ಟೆ. ಬೋಯಿಕೇರಿ ಏರನ್ನು ಗಾಡಿ ಆರಾಮಾಗಿ ಹತ್ತಿತು, ಹಿಂದೆ ಹಾರ್ನ್ ಹೊಡೆಯುವ ಕಾರುಗಳೂ ಇರಲಿಲ್ಲ. ಮಡಿಕೇರಿಯಲ್ಲಿ ಅದೇ ಥರದ ರೂಮು 1,400ಕ್ಕೆ ಸಿಕ್ಕಿತು. ಹೋಗುವುದಿದ್ದರೆ ವಾರದ ಮಧ್ಯೆ ಹೋಗಿ. ಒಂದು ಕ್ಲಚ್ ಕೇಬಲ್, ಒಂದು ಲೀಟರ್ ಸರಿಯಾದ ಆಯಿಲ್ ಜೊತೆಗಿರಲಿ. ಘಟ್ಟದ ಊರುಗಳಲ್ಲಿ ಕೇಳಿದ ಆಯಿಲ್ ಸಿಗದಿದ್ದರೆ ಅವರ ಹತ್ತಿರ ಇದ್ದದ್ದನ್ನೇ ಹಾಕಿ ಕಳಿಸುತ್ತಾರೆ.