ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ: ಇಲ್ಲಿಯವರೆಗೆ ಆದದ್ದು

ಶಾಲೆಗೆ ಹೊಸದಾಗಿ ಸೇರುವ ಮಕ್ಕಳನ್ನೂ ಸಿಬ್ಬಂದಿಯನ್ನೂ ಬರಮಾಡಿಕೊಳ್ಳುವ ಜವಾಬ್ದಾರಿಯನ್ನು ಈ ಸಲ ನಾನೇ ಕೇಳಿ ತೆಗೆದುಕೊಂಡೆ. ನಾನು ಲೈಬ್ರರಿ ನೋಡಿಕೊಳ್ಳುವವಳು. ದಾರಿ ತಪ್ಪಿದವರು, ಯಾರನ್ನು ಕೇಳಬೇಕೋ ಗೊತ್ತಾಗದವರು, ಊಟದ ಬಿಡುವಿನಲ್ಲಿ ಸುಮ್ನೆ ಎಲ್ಲಾದರೂ ಕೂರಬೇಕು ಅನಿಸಿದವರು ಮೊದಲು ಬರುವುದು ಲೈಬ್ರರಿಗೇ. ವರ್ಷ ವರ್ಷವೂ ಅವರನ್ನು ನೋಡುತ್ತಾ ನನಗೆ ಒಂದು ಖಚಿತವಾಗಿದೆ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ನನ್ನ ಹೆಸರು ಇಲ್ಲಿ ಯಾರಿಗಾದರೂ ಗೊತ್ತಾ ಅನ್ನುವುದಕ್ಕೆ ಉತ್ತರ ಸಿಗುವವರೆಗೆ ಹೊಸಬರ ಕಿವಿಗೆ ಬೇರೆ ಯಾವ ಮಾತೂ ಇಳಿಯುವುದಿಲ್ಲ. ಸ್ವಾಗತ ಭಾಷಣ ಎಷ್ಟೇ ಚೆನ್ನಾಗಿರಲಿ, ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿಲ್ಲದ ಮಗು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಈ ಕೆಲಸವೆಲ್ಲ ಅಲ್ಲಿಂದ ಹುಟ್ಟಿದ್ದು.

ರಜೆ ಶುರುವಾದಾಗ: ಪ್ರಶ್ನೆ ಕೂಡಿಸುವುದು

ಕಳೆದ ವರ್ಷ ಸೇರಿದವರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ. "ಹೊಸದರಲ್ಲಿ ಯಾವುದನ್ನು ಕೇಳಲು ನಿಮಗೆ ಮುಜುಗರ ಆಯಿತು?" ಟೀಚರ್‌ಗಳನ್ನು ಮಾತ್ರ ಅಲ್ಲ, ಆಫೀಸಿನವರನ್ನು, ಲ್ಯಾಬ್ ಸಹಾಯಕರನ್ನು, ಆಯಾ ಮತ್ತು ವಾಚ್‌ಮನ್ ಅವರನ್ನೂ ಕೇಳಿದೆ. ಇದಕ್ಕೆ ಕಳೆದ ವರ್ಷ ಬಂದವರೇ ಸರಿ. ಬಹಳ ವರ್ಷದಿಂದ ಇರುವವರಿಗೆ ಇಂಥ ವಿಷಯ ಕಣ್ಣಿಗೆ ಬೀಳುವುದೇ ಇಲ್ಲ.

ಬಂದ ಉತ್ತರಗಳನ್ನು ನೋಡಿ. ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ? ಜೆರಾಕ್ಸ್ ಎಷ್ಟು ತೆಗೆಯಬಹುದು? ಸ್ಟಾಫ್ ರೂಮಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದಾ? ಕ್ಲಾಸಿನಲ್ಲಿ ಮಗು ವಾಂತಿ ಮಾಡಿಕೊಂಡರೆ ಯಾರನ್ನು ಕರೆಯಬೇಕು, ಅಷ್ಟರಲ್ಲಿ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಸಂಜೆ ಕರೆದುಕೊಂಡು ಹೋಗುವವರು ಬರದಿದ್ದರೆ ಮಗುವನ್ನು ಎಲ್ಲಿ ಕೂರಿಸಬೇಕು? ತಡವಾಗಿ ಬಂದವರಿಗೆ ಹಾಜರಿ ಪುಸ್ತಕದಲ್ಲಿ ಯಾವ ಗುರುತು? ಪಾಠ ಮಾಡುವುದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ಅದು ಅವರಿಗೆ ಗೊತ್ತು. ಅದರ ಸುತ್ತಲಿನ ಸಣ್ಣಪುಟ್ಟದ್ದೇ ಅವರ ಶಕ್ತಿಯನ್ನು ತಿನ್ನುತ್ತಿತ್ತು.

ಮಕ್ಕಳನ್ನೂ ಕೇಳಿದೆ. ಒಂದನೇ ಕ್ಲಾಸು ಮುಗಿಸಿದವರ ನೆನಪು ತುಂಬಾ ಸ್ಪಷ್ಟ. ನೀರು ಮುಗಿದರೆ ಎಲ್ಲಿ ತುಂಬಿಸಿಕೊಳ್ಳಬೇಕು, ಬೆಲ್ ಉದ್ದ ಹೊಡೆದರೆ ಏನರ್ಥ, ಅಮ್ಮ ಯಾವ ಗೇಟಿಗೆ ಬರುತ್ತಾಳೆ. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ್ದವರ ಉತ್ತರ ಬೇರೆ. ಅವರಿಗೆ ದಾರಿಯ ಚಿಂತೆ ಕಡಿಮೆ. ಊಟದ ಹೊತ್ತಿನಲ್ಲಿ ಯಾರ ಪಕ್ಕ ಕೂರುವುದು ಅನ್ನುವುದೇ ದೊಡ್ಡ ಚಿಂತೆ. ಸುಮಾರು ಮಕ್ಕಳು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಒಬ್ಬ ಹುಡುಗಿ, "ಡಬ್ಬಿ ತೆಗೆದುಕೊಂಡು ನಡೆಯುತ್ತಾ ಇರುತ್ತಿದ್ದೆ ಮಿಸ್, ಎಲ್ಲಿಗೋ ಹೋಗುತ್ತಿರುವ ಹಾಗೆ ಕಾಣಲಿ ಅಂತ" ಅಂದಳು. ಆ ಮಾತು ನನ್ನನ್ನು ಬಿಡಲಿಲ್ಲ. ಯೋಜನೆಯಲ್ಲಿ ಊಟದ ಬಿಡುವು ಮೊದಲ ಸಾಲಿಗೆ ಬಂದದ್ದು ಅವಳಿಂದ.

ಗೋಡೆಯ ಫಲಕಗಳು

ಟೇಪು ಹಿಡಿದು ಕಾರಿಡಾರ್ ಸುತ್ತಿದೆ. ಇದ್ದ ಫಲಕಗಳೆಲ್ಲ ದೊಡ್ಡವರ ಕಣ್ಣಿನ ಎತ್ತರಕ್ಕಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ 6 ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 115 ಸೆಂಟಿಮೀಟರ್. ಅಂದರೆ ಕಣ್ಣು ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಆದ್ದರಿಂದ ಸಣ್ಣ ಮಕ್ಕಳ ಕಡೆಯ ಕಟ್ಟಡದಲ್ಲಿ ಫಲಕವನ್ನು ಒಂದು ಮೀಟರ್ ಎತ್ತರದಲ್ಲಿ ಇನ್ನೊಮ್ಮೆ ಹಾಕಿದ್ದೇವೆ. ಗಾಲಿಕುರ್ಚಿಯಲ್ಲಿ ಬರುವವರಿಗೂ ಇದು ಹೆಚ್ಚುಕಡಿಮೆ ಕಣ್ಣಿನ ಮಟ್ಟವೇ.

ಅಕ್ಷರದ ಗಾತ್ರಕ್ಕೆ ಫಲಕ ಬರೆಯುವವರಲ್ಲಿ ಒಂದು ಲೆಕ್ಕ ಬಳಕೆಯಲ್ಲಿದೆ. ಓದುವವರು 3 ಮೀಟರ್ ದೂರದಲ್ಲಿದ್ದರೆ ಅಕ್ಷರ 25 ಮಿಲಿಮೀಟರ್ ಎತ್ತರ ಇರಬೇಕು, 6 ಮೀಟರ್ ಆದರೆ 50. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಹೊಂದುವ ಲೆಕ್ಕ. ಕನ್ನಡಕ್ಕೆ ಅಷ್ಟು ಸಾಲದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ. ದೂರದಿಂದ ನೋಡಿದಾಗ ಮೊದಲು ಮಸುಕಾಗುವುದು ಅದೇ. 'ಗ್ರಂಥಾಲಯ' ಅಂತ ಕಾಗದದ ಮೇಲೆ ಮುದ್ರಿಸಿ ಕಾರಿಡಾರಿನ ಆ ತುದಿಯಲ್ಲಿ ಅಂಟಿಸಿ ಈ ತುದಿಯಿಂದ ಓದಿಸಿದೆವು. ಮೂಲ ಅಕ್ಷರವನ್ನೇ ಲೆಕ್ಕದ ಗಾತ್ರಕ್ಕಿಂತ ದೊಡ್ಡದು ಮಾಡಿದಾಗ ಒತ್ತು ಸರಿಯಾಗಿ ಕಂಡಿತು. ಸಾಲುಗಳ ನಡುವೆಯೂ ಜಾಗ ಜಾಸ್ತಿ ಬಿಟ್ಟೆವು.

ಬಣ್ಣದ ಗೆರೆ ಎಳೆದು ದಾರಿ ತೋರಿಸೋಣ ಅಂತ ಡ್ರಾಯಿಂಗ್ ಮೇಷ್ಟ್ರು ಹೇಳಿದರು. ಒಳ್ಳೆಯ ಯೋಚನೆ. ಆದರೆ ಬಣ್ಣ ಒಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಕೆಂಪು ಹಸಿರು ಬೇರ್ಪಡಿಸಲಾಗದ ದೃಷ್ಟಿ ಹುಡುಗಿಯರಿಗಿಂತ ಹುಡುಗರಲ್ಲಿ ಬಹಳ ಜಾಸ್ತಿ. ಯುರೋಪ್ ಮೂಲದ ಗಂಡಸರಲ್ಲಂತೂ ಸುಮಾರು 12ಕ್ಕೆ ಒಬ್ಬರಿಗೆ ಬಣ್ಣದ ದೃಷ್ಟಿಯಲ್ಲಿ ಈ ಬಗೆಯ ಕೊರತೆ ಇರುತ್ತದೆ. ಎಷ್ಟೋ ಮಕ್ಕಳಿಗೆ ಅದು ತಮಗಿದೆ ಅನ್ನುವುದೇ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ಗೆರೆಗೂ ಒಂದು ಚಿತ್ರ ಕೊಟ್ಟೆವು. ಮೀನಿನ ಗೆರೆ ಲೈಬ್ರರಿಗೆ, ಎಲೆಯ ಗೆರೆ ಊಟದ ಕೋಣೆಗೆ, ಹಕ್ಕಿಯ ಗೆರೆ ಆಫೀಸಿಗೆ. ಓದಲು ಬಾರದ ಮಗುವಿಗೂ "ಮೀನು ಹಿಡಿದು ಹೋಗು" ಅಂದರೆ ಸಾಕು.

ಗೇಟಿನ ಹತ್ತಿರದ ಬಣ್ಣ, ತೋರಣದ ಕೆಲಸ ದೊಡ್ಡ ಮಕ್ಕಳದ್ದು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಚೆನ್ನಾಗಿ ಬಂತು.

ಹೆಸರು ಕಲಿಯುವುದು

ಈ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಭಾಗ ಇದು. ದಾಖಲಾತಿ ಅರ್ಜಿಯ ಜೊತೆ ಒಂದು ಸಣ್ಣ ಚೀಟಿ ಇಟ್ಟೆವು. 'ಮಗುವನ್ನು ಏನಂತ ಕರೆಯಬೇಕು?' ಅರ್ಜಿಯಲ್ಲಿ ಉದ್ದದ ಹೆಸರಿರುತ್ತದೆ, ಮನೆಯಲ್ಲಿ ಕರೆಯುವುದು ಇನ್ನೊಂದು. ಕೆಲವರಿಗೆ ಮನೆಯ ಹೆಸರು ಶಾಲೆಯಲ್ಲಿ ಬೇಡ. ಅದನ್ನು ಮಗುವೇ ಹೇಳಲಿ. ಬೇರೆ ಭಾಷೆಯ ಮನೆಯಿಂದ ಬರುವ ಮಕ್ಕಳ ಹೆಸರನ್ನು ಅವರ ಮನೆಯವರ ಬಾಯಿಂದಲೇ ಕೇಳಿ, ಕೇಳಿದ ಹಾಗೆ ಬರೆದುಕೊಂಡೆವು. ಮೊದಲ ದಿನ ಎಲ್ಲರ ಎದುರು ಹೆಸರು ತಪ್ಪಾಗಿ ಕೂಗಿಸಿಕೊಂಡ ಮಗು ತಿದ್ದಲೂ ಆಗದೆ, ಸುಮ್ಮನಿರಲೂ ಆಗದೆ ನಿಲ್ಲುವುದನ್ನು ನೋಡಿದವರಿಗೆ ಈ ಚೀಟಿಯ ಬೆಲೆ ಗೊತ್ತು.

ಆಮೇಲೆ ಟೀಚರ್‌ಗಳಿಗೆ ಕಾರ್ಡು ಮಾಡಿಕೊಟ್ಟೆವು. ಒಂದು ಬದಿ ಫೋಟೊ, ಹಿಂಬದಿ ಹೆಸರು. ಪಟ್ಟಿಯನ್ನು ಮತ್ತೆ ಮತ್ತೆ ಓದುವುದು ಸುಲಭ, ಆದರೆ ಅದರಿಂದ ಹೆಸರು ನಿಲ್ಲುವುದಿಲ್ಲ. ಫೋಟೊ ನೋಡಿ ಹೆಸರನ್ನು ನೆನಪಿಸಿಕೊಳ್ಳಲು ಒದ್ದಾಡಬೇಕು, ಆಮೇಲೆ ತಿರುಗಿಸಿ ನೋಡಬೇಕು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಕಂಡಿತ್ತು. ಓದಿದ್ದನ್ನು ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ. ನಮಗೆ ಬೇಕಾದದ್ದು ಒಂದು ವಾರದ ನಂತರವೂ ಉಳಿಯುವ ಹೆಸರು ಅಲ್ವಾ? ಹೆಸರು ನೆನಪಿಡುವುದು ಮುಖವನ್ನೋ ಉದ್ಯೋಗವನ್ನೋ ನೆನಪಿಡುವುದಕ್ಕಿಂತ ಕಷ್ಟ ಅನ್ನುವುದೂ ಪ್ರಯೋಗಗಳಲ್ಲಿ ಕಂಡದ್ದೇ. "ನನಗೆ ಹೆಸರು ನಿಲ್ಲಲ್ಲಪ್ಪ" ಅನ್ನುವ ಹಿರಿಯ ಮೇಷ್ಟ್ರೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಸಮಾಧಾನವಾಯಿತು. ಮರುದಿನದಿಂದ ಬಸ್ಸಿನಲ್ಲಿ ಕಾರ್ಡು ತಿರುಗಿಸುತ್ತಾ ಬಂದರು.

ಸಿಬ್ಬಂದಿಯ ಫೋಟೊ ಫಲಕವನ್ನೂ ಹೊಸದಾಗಿ ಮಾಡಿದೆವು. ಎಲ್ಲರ ಫೋಟೊ ಒಂದೇ ಅಳತೆ, ಅಕಾರಾದಿಯಾಗಿ ಜೋಡಿಸಿದ್ದು. ಕಸ ಗುಡಿಸುವವರ ಪಕ್ಕದಲ್ಲಿ ಹೆಡ್‌ಮಿಸ್ ಬಂದಿದ್ದಾರೆ. ಹೊಸದಾಗಿ ಸೇರಿದ ಆಯಾ ಒಬ್ಬರು ಫಲಕದ ಮುಂದೆ ನಿಂತು ಮೊಬೈಲಿನಲ್ಲಿ ತಮ್ಮ ಫೋಟೊದ ಫೋಟೊ ತೆಗೆದುಕೊಂಡರು.

ದೊಡ್ಡ ಮಕ್ಕಳ ಪತ್ರ

ಪ್ರತಿ ಹೊಸ ವಿದ್ಯಾರ್ಥಿಗೂ ಮೇಲಿನ ಕ್ಲಾಸಿನವರು ಒಂದು ಪತ್ರ ಬರೆಯಬೇಕು ಅಂತ ತೀರ್ಮಾನಿಸಿದೆವು. "ನಮ್ಮ ಶಾಲೆ ತುಂಬಾ ಚೆನ್ನಾಗಿದೆ" ಅಂತ ಬರೆಯುವುದು ಬೇಡ ಅಂದೆ. ಮೊದಲ ವಾರ ನಿಮಗೆ ಏನು ಕಷ್ಟವಾಯಿತು, ಅದು ಹೇಗೆ ಕಡಿಮೆಯಾಯಿತು, ಅಷ್ಟನ್ನೇ ಬರೆಯಿರಿ ಅಂತ ಹೇಳಿದೆ.

ಇದಕ್ಕೆ ಆಧಾರ ಇದೆ. ಅಮೆರಿಕದ ವಾಲ್ಟನ್ ಮತ್ತು ಕೊಹೆನ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜಿನ ಮೊದಲ ವರ್ಷದವರಿಗೆ ಹಿರಿಯ ವಿದ್ಯಾರ್ಥಿಗಳ ಅನುಭವ ಓದಿಸಿದರು. "ನಾನು ಇಲ್ಲಿಗೆ ಸೇರಿದವನಲ್ಲವೇನೋ ಅಂತ ಎಲ್ಲರಿಗೂ ಅನಿಸುತ್ತದೆ, ಅದು ಕ್ರಮೇಣ ಹೋಗುತ್ತದೆ" ಅನ್ನುವುದು ಅದರ ಸಾರ. ಒಟ್ಟು ಸುಮಾರು ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಅಂಕ ಏರಿತು. ಬಿಳಿಯ ವಿದ್ಯಾರ್ಥಿಗಳಿಗೂ ಅವರಿಗೂ ಇದ್ದ ಅಂಕದ ಅಂತರ ಅರ್ಧಕ್ಕೆ ಇಳಿಯಿತು. ಅದು ಕಾಲೇಜು, ನಮ್ಮದು ಶಾಲೆ. ಅದೇ ಫಲ ಇಲ್ಲೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ತನಗೊಬ್ಬಳಿಗೇ ಹೀಗಾಗುತ್ತಿದೆ ಅಂದುಕೊಂಡ ಮಗುವಿಗೆ, ಇಲ್ಲ, ಎಲ್ಲರಿಗೂ ಆಗುತ್ತದೆ ಅಂತ ತಿಳಿಯುವುದು ಎಷ್ಟು ದೊಡ್ಡದು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಪತ್ರಗಳು ಬಂದಾಗ ಒಂದೊಂದನ್ನೂ ಓದಿದೆ. "ಮೊದಲ ವಾರ ನಾನು ಮಾತೇ ಆಡಲಿಲ್ಲ. ಆಮೇಲೆ ಪೆನ್ಸಿಲ್ ಕೇಳಿದೆ. ಅಲ್ಲಿಂದ ಶುರುವಾಯಿತು" ಅಂತ ಒಬ್ಬ ಬರೆದಿದ್ದ. "ಎರಡನೇ ಬೆಂಚಿನ ಕಿಟಕಿ ಪಕ್ಕ ಕೂತುಕೋ, ಗಾಳಿ ಬರುತ್ತದೆ" ಅಂತ ಇನ್ನೊಬ್ಬಳು. ಕಾಗುಣಿತ ತಿದ್ದಲಿಲ್ಲ. ಹಾಗೇ ಕೊಟ್ಟೆವು.

ಪತ್ರ ಬರೆದವರೇ ಮೊದಲ ತಿಂಗಳು ಜೊತೆಗಾರರು. ಒಬ್ಬರಿಗೊಬ್ಬರು ಅಂತ ಕಟ್ಟಿಹಾಕದೆ, ಒಬ್ಬ ಹೊಸಬರಿಗೆ ಇಬ್ಬರನ್ನು ಇಟ್ಟೆವು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ. ಊಟದ ಹೊತ್ತಿಗೆ ಕ್ಲಾಸಿನ ಬಾಗಿಲಿಗೇ ಬಂದು ಕರೆದುಕೊಂಡು ಹೋಗುವುದು ಅವರ ಮುಖ್ಯ ಕೆಲಸ.

ಹೊಸ ಸಿಬ್ಬಂದಿಯ ಪುಸ್ತಕ

ಕೂಡಿಸಿದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಸಣ್ಣ ಪುಸ್ತಕ ಮಾಡಿದೆವು. ಆದರೆ ಮೊದಲ ದಿನವೇ ಅದನ್ನು ಪೂರ್ತಿ ಓದಿ ಅನ್ನುವುದು ಅನ್ಯಾಯ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ವಿಷಯಗಳು 7ರ ಆಸುಪಾಸು ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದು 4ಕ್ಕೆ ಹತ್ತಿರ ಅಂದರು. ಹಾಗಾಗಿ ಮೇಲ್ಪುಟದಲ್ಲಿ ನಾಲ್ಕೇ ವಿಷಯ ಇಟ್ಟೆವು. ಇಂದು ನೀವು ಎಲ್ಲಿರಬೇಕು, ಏನಾದರೂ ಆದರೆ ಯಾರಿಗೆ ಫೋನ್, ಮಗುವಿಗೆ ಗಾಯವಾದರೆ ಪೆಟ್ಟಿಗೆ ಎಲ್ಲಿದೆ, ಬೆಂಕಿಯ ಬೆಲ್ ಹೊಡೆದರೆ ಎಲ್ಲಿ ಸೇರಬೇಕು. ಉಳಿದದ್ದು ಒಳಗೆ, ಬೇಕಾದಾಗ ನೋಡಿಕೊಳ್ಳಲು.

ಪುಸ್ತಕಕ್ಕಿಂತ ಮನುಷ್ಯ ಮುಖ್ಯ. ಹೊಸ ಟೀಚರ್‌ಗಳು ಕೆಲಸ ಬಿಡುವುದರ ಬಗ್ಗೆ ಅಮೆರಿಕದಲ್ಲಿ ಸ್ಮಿತ್ ಮತ್ತು ಇಂಗರ್‌ಸಾಲ್ 2004ರಲ್ಲಿ ನಡೆಸಿದ ಅಧ್ಯಯನದಲ್ಲಿ, ತಮ್ಮದೇ ವಿಷಯದ ಹಿರಿಯರು ಮಾರ್ಗದರ್ಶಕರಾಗಿ ಸಿಕ್ಕವರು, ಬೇರೆ ಟೀಚರ್‌ಗಳ ಜೊತೆ ಕೂತು ಪಾಠ ಯೋಜಿಸಲು ಸಮಯ ಸಿಕ್ಕವರು ಕೆಲಸ ಬಿಡುವುದು ಕಡಿಮೆ ಅಂತ ಕಂಡುಬಂತು. ನಾನು ಹೆಡ್‌ಮಿಸ್ ಹತ್ತಿರ ಹೋಗಿ ಕೇಳಿದ್ದು ಇದನ್ನೇ. ವೇಳಾಪಟ್ಟಿಯಲ್ಲಿ ಹೊಸಬರಿಗೂ ಅವರ ಹಿರಿಯರಿಗೂ ವಾರದಲ್ಲಿ ಒಂದು ಪಿರಿಯಡ್ ಒಟ್ಟಿಗೆ ಖಾಲಿ ಇರಲಿ. ವೇಳಾಪಟ್ಟಿ ಹಾಕುವ ಮೇಷ್ಟ್ರಿಗೆ ಇದು ಸುಲಭದ ಕೆಲಸವಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದರು. ಗಣಿತದವರಿಗೆ ಗಣಿತದವರೇ ಸಿಕ್ಕಿದ್ದಾರೆ. ಸಂಗೀತಕ್ಕೆ ಒಬ್ಬರೇ ಟೀಚರ್ ಇರುವುದರಿಂದ ಅವರಿಗೆ ಡ್ರಾಯಿಂಗ್ ಮೇಷ್ಟ್ರು ಜೊತೆಯಾದರು.

ಮೊದಲ ದಿನ

ಭಾಷಣ ಚಿಕ್ಕದಾಯಿತು. ಹೆಡ್‌ಮಿಸ್ ಗೇಟಿನಲ್ಲೇ ನಿಂತಿದ್ದರು.

ಅಳುವ ಮಕ್ಕಳ ವಿಷಯಕ್ಕೆ ಮನೆಯವರೊಂದಿಗೆ ಮೊದಲೇ ಮಾತಾಡಿದ್ದೆವು. ಮಗು ಆಟದಲ್ಲಿ ಮುಳುಗಿದಾಗ ಹೇಳದೆ ಜಾರಿಕೊಳ್ಳಬೇಡಿ. ತಿರುಗಿ ನೋಡಿದಾಗ ಅಮ್ಮ ಇಲ್ಲ ಅಂದರೆ, ಮರುದಿನ ಮಗು ಸೆರಗು ಬಿಡುವುದಿಲ್ಲ. ಹೋಗುತ್ತೇನೆ ಅಂತ ಹೇಳಿ, ಯಾವಾಗ ಬರುತ್ತೇನೆ ಅಂತ ಹೇಳಿ, ಮತ್ತೆ ಹೊರಡಿ. "ಮೂರು ಗಂಟೆಗೆ" ಅಂದರೆ ಮಗುವಿಗೆ ತಿಳಿಯದು. "ಕೊನೆಯ ಬೆಲ್ ಆದ ಮೇಲೆ, ಹಕ್ಕಿ ಗೆರೆಯ ಹತ್ತಿರ" ಅಂದರೆ ತಿಳಿಯುತ್ತದೆ. ಕೆಲವು ಅಮ್ಮಂದಿರಿಗೆ ಹೊರಡುವುದು ಮಗುವಿಗಿಂತ ಕಷ್ಟವಾಯಿತು. ಅವರಿಗೂ ಲೈಬ್ರರಿಯಲ್ಲಿ ಕುರ್ಚಿ ಹಾಕಿದ್ದೆ. ನೀರು ಕುಡಿದು, ಸ್ವಲ್ಪ ಮಾತಾಡಿ ಹೋದರು.

ಈಗ ನಡೆದಿರುವುದು

ಶಾಲೆ ತನ್ನ ಲಯಕ್ಕೆ ಬಂದಿದೆ. ಜೊತೆಗಾರರ ತಿಂಗಳು ಮುಗಿದಿದೆ, ಆದರೂ ಕೆಲವರು ಒಟ್ಟಿಗೇ ಊಟಕ್ಕೆ ಹೋಗುತ್ತಿದ್ದಾರೆ. ಪುಸ್ತಕಕ್ಕೆ ಹೊಸ ಪ್ರಶ್ನೆಗಳು ಬರುತ್ತಿವೆ. ಪರೀಕ್ಷೆಯ ಹೊತ್ತಿನ ಬೆಲ್ ಹೇಗೆ, ಪೋಷಕರ ಸಭೆಯಲ್ಲಿ ಯಾವ ವರದಿ ತೋರಿಸಬೇಕು ಅಂತ. ಹೊಸಬರೇ ಅದನ್ನು ಬರೆದು ಸೇರಿಸುತ್ತಿದ್ದಾರೆ.

ಬಾಕಿ ಇರುವ ದೊಡ್ಡ ಕೆಲಸ, ವರ್ಷದ ನಡುವೆ ಸೇರುವವರದ್ದು. ಮನೆಯವರಿಗೆ ವರ್ಗವಾಗಿ ಬರುವ ಮಗುವಿಗೆ ತೋರಣ ಇರುವುದಿಲ್ಲ, ಸಾಲಿನಲ್ಲಿ ಜೊತೆಗೆ ನಿಲ್ಲುವ ಇನ್ನೊಬ್ಬ ಹೊಸಬನೂ ಇರುವುದಿಲ್ಲ. ಎಲ್ಲರ ಗೆಳೆತನ ಆಗಲೇ ಹಂಚಿಹೋಗಿರುತ್ತದೆ. ಅಂಥವರಿಗಾಗಿ ಆಫೀಸಿನಲ್ಲಿ ಒಂದು ಚೀಲ ಸಿದ್ಧವಾಗುತ್ತಿದೆ. ಅದರಲ್ಲಿ ಶಾಲೆಯ ನಕ್ಷೆ, ಕರೆಯುವ ಹೆಸರಿನ ಚೀಟಿ, ಬರೆದಿಟ್ಟ ಎರಡು ಪತ್ರ, ಜೊತೆಗಾರರಾಗಲು ಒಪ್ಪಿದವರ ಪಟ್ಟಿ. ಪತ್ರಗಳು ಕಡಿಮೆ ಬಿದ್ದಿವೆ. ಈ ಶನಿವಾರ ಕೊನೆಯ ಪಿರಿಯಡ್‌ನಲ್ಲಿ ಏಳನೇ ಕ್ಲಾಸಿನವರು ಲೈಬ್ರರಿಗೆ ಬಂದು ಬರೆಯುತ್ತಾರೆ.